ಒಬ್ಬನನ್ನು ತಡೆಯಲು ಒಂದು ಕಾಯ್ದೆ

1942ರಲ್ಲಿ ನ್ಯೂಯಾರ್ಕ್ ನಗರದ ಪೂರ್ವ ಹಾರ್ಲೆಮ್‌ನ ಡೆಮಾಕ್ರಟಿಕ್ ಮತದಾರರು ಅಮೆರಿಕದ ಪ್ರತಿನಿಧಿ ಸಭೆಗೆ ತಮ್ಮ ಪಕ್ಷದಿಂದ ಯಾರು ನಿಲ್ಲಬೇಕೆಂದು ಮತ ಹಾಕಿ, ವೀಟೊ ಮಾರ್ಕಾಂಟೋನಿಯೊ ಎಂಬ ವಕೀಲರನ್ನು ಆರಿಸಿದರು. ಅದೇ ಕ್ಷೇತ್ರದ ರಿಪಬ್ಲಿಕನ್ ಮತದಾರರು ಬೇರೆಯಾಗಿ ಮತ ಹಾಕಿ ಆರಿಸಿದ್ದೂ ಅವರನ್ನೇ. ಅಮೆರಿಕನ್ ಲೇಬರ್ ಪಾರ್ಟಿಯಂತೂ ಅವರ ಸ್ವಂತ ಪಕ್ಷವೇ ಆಗಿತ್ತು. ಹೀಗೆ ಒಂದಕ್ಕೊಂದು ಎದುರಾಳಿಗಳಾದ ಮೂರು ಪಕ್ಷಗಳ ಟಿಕೆಟ್ ಒಬ್ಬರ ಕೈಗೇ ಬಂತು. 1944ರ ಹೊತ್ತಿಗೆ ಕ್ಷೇತ್ರದ ಗಡಿ ಬದಲಾಗಿ, ಜರ್ಮನ್ ಮತ್ತು ಐರಿಷ್ ಮೂಲದವರೇ ಹೆಚ್ಚಿದ್ದ ಯಾರ್ಕ್‌ವಿಲ್ ಬಡಾವಣೆ ಅದಕ್ಕೆ ಸೇರಿತು. ಆಗಲೂ ಮೂರೂ ಟಿಕೆಟ್ ಅವರಿಗೇ ಸಿಕ್ಕವು. ಇನ್ನು ಮೂರು ವರ್ಷ ಕಳೆಯುವುದರೊಳಗೆ, 1947ರಲ್ಲಿ, ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಇಂಥದ್ದು ಮತ್ತೆ ನಡೆಯದಂತೆ ಒಂದು ಕಾಯ್ದೆ ಮಾಡಿತು. ಅಸೆಂಬ್ಲಿಯ ಮಾಲ್ಕಮ್ ವಿಲ್ಸನ್ ಮತ್ತು ಸೆನೆಟ್ಟಿನ ಅರ್ವಿನ್ ಪಕುಲಾ ತಂದ ಆ ಮಸೂದೆಗೆ ಗವರ್ನರ್ ಥಾಮಸ್ ಡ್ಯೂಯಿ ಸಹಿ ಹಾಕಿದರು. ವಿಲ್ಸನ್–ಪಕುಲಾ ಎಂಬ ಹೆಸರಿನ ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಒಬ್ಬ ಜನಪ್ರತಿನಿಧಿಯನ್ನು ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡು ಮಾಡಿದ ನಿಯಮವೊಂದು ಆತ ಸತ್ತು ಏಳು ದಶಕವಾದರೂ ಒಂದು ಮಹಾನಗರದ ರಾಜಕೀಯವನ್ನು ಆಳುತ್ತಿದೆ ಎಂದರೆ, ಅದರ ಹುಟ್ಟನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು.

ಪಕ್ಷ ಬದಲಿಸುವವರನ್ನು ಕಂಡರೆ ಕನ್ನಡದ ಓದುಗರಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿಗೆ ಕಾರಣಗಳೂ ಗಟ್ಟಿಯಾಗಿವೆ. ಆದರೆ ಮಾರ್ಕಾಂಟೋನಿಯೊ ಮತ್ತು ಅವರ ಗುರು ಫಿಯೊರೆಲ್ಲೊ ಲಾ ಗಾರ್ಡಿಯಾ ಅವರ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಸಿಟ್ಟಿನ ಗುರಿಯನ್ನು ತುಸು ಸರಿಸಬೇಕಾಗುತ್ತದೆ. ಒಬ್ಬ ರಾಜಕಾರಣಿ ಎಷ್ಟು ಸಲ ಪಕ್ಷ ಬದಲಿಸಿದ ಎಂಬ ಲೆಕ್ಕ ಅಷ್ಟೇನೂ ಹೇಳುವುದಿಲ್ಲ. ಯಾರನ್ನು ಕೇಳಿ ಬದಲಿಸಿದ, ಬದಲಿಸಿದ್ದಕ್ಕೆ ಏನು ತೆತ್ತ ಎಂಬ ಎರಡು ಪ್ರಶ್ನೆಗಳು ಬಹಳಷ್ಟನ್ನು ಹೇಳುತ್ತವೆ. 1947ರ ಕಾಯ್ದೆ ಮೊದಲನೆಯ ಪ್ರಶ್ನೆಗೆ ಉತ್ತರಿಸುವ ಹಕ್ಕನ್ನು ಮತದಾರರ ಕೈಯಿಂದ ತೆಗೆದು ಪಕ್ಷದ ಸಮಿತಿಗಳ ಕೈಗೆ ಕೊಟ್ಟಿತು. ಅದು ನಷ್ಟ. ಆ ನಷ್ಟವನ್ನು ಶಿಸ್ತು ಎಂಬ ಹೆಸರಿನಲ್ಲಿ ಒಪ್ಪಿಸಿದ್ದು ಇನ್ನೂ ದೊಡ್ಡ ನಷ್ಟ.

ಕತೆ ಶುರುವಾಗುವುದು 1921ರಲ್ಲಿ, ಡಿವಿಟ್ ಕ್ಲಿಂಟನ್ ಹೈಸ್ಕೂಲಿನ ಸಭಾಂಗಣದಲ್ಲಿ. ನಗರದ ಆಲ್ಡರ್‌ಮನ್ ಮಂಡಳಿಯ ಅಧ್ಯಕ್ಷರಾಗಿದ್ದ ಲಾ ಗಾರ್ಡಿಯಾ ಅಲ್ಲಿಗೆ ಅತಿಥಿಯಾಗಿ ಬಂದಿದ್ದರು. ಅವರಿಗಿಂತ ಮೊದಲು ಮಾತಾಡಿದ ವಿದ್ಯಾರ್ಥಿ, ಮುದುಕರಿಗೆ ಸರ್ಕಾರ ಪಿಂಚಣಿ ಕೊಡಬೇಕೆಂದು ವಾದಿಸಿದ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬರಲು ಇನ್ನೂ ಹದಿನಾಲ್ಕು ವರ್ಷ ಇತ್ತು. ಲಾ ಗಾರ್ಡಿಯಾ ಎದ್ದು ನಿಂತವರೇ ಆ ಹುಡುಗನ ವಾದವನ್ನೇ ಎತ್ತಿಕೊಂಡು ತಮ್ಮ ಭಾಷಣ ಮಾಡಿದರು. ಆ ಹುಡುಗನೇ ಮಾರ್ಕಾಂಟೋನಿಯೊ. ಹುಟ್ಟಿದ್ದು 1902ರ ಡಿಸೆಂಬರ್‌ನಲ್ಲಿ, ಪೂರ್ವ 112ನೇ ಬೀದಿಯಲ್ಲಿ; ತಂದೆ ಬಡಗಿ, ತಾಯಿ ದಕ್ಷಿಣ ಇಟಲಿಯಿಂದ ಬಂದವರು. ಆಗಿನ ಪೂರ್ವ ಹಾರ್ಲೆಮ್ ಇಟಲಿಯ ಹೊರಗಿನ ಇಟಲಿ. ಗಾಳಿ ಬೆಳಕಿಲ್ಲದ ವಠಾರಗಳು, ಜುಲೈ ಬಂತೆಂದರೆ 115ನೇ ಬೀದಿಯ ಮೌಂಟ್ ಕಾರ್ಮೆಲ್ ಮಾತೆಯ ಉತ್ಸವ, ಕೂಲಿ ಮುಗಿಸಿ ಬಂದ ಗಂಡಸರ ಕಟ್ಟೆ ಹರಟೆ. ಮುಂದೆ ಪೋರ್ಟೊ ರಿಕೊದಿಂದ ಬಂದ ಕುಟುಂಬಗಳೂ ಅದೇ ವಠಾರಗಳಲ್ಲಿ ನೆಲೆಸಿದವು. ಮಾರ್ಕಾಂಟೋನಿಯೊ ಬದುಕಿನುದ್ದಕ್ಕೂ ಈ ಕೆಲವು ಬೀದಿಗಳನ್ನು ಬಿಟ್ಟು ಬೇರೆಡೆ ಮನೆ ಮಾಡಲಿಲ್ಲ. ಪಕ್ಷಗಳನ್ನು ಬದಲಿಸಿದರು, ವಿಳಾಸವನ್ನಲ್ಲ. 1924ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಲಾ ಗಾರ್ಡಿಯಾ ಅವರ ಚುನಾವಣಾ ಪ್ರಚಾರವನ್ನು ಹೊತ್ತುಕೊಂಡವರು ಈ ತರುಣ.

ಇಲ್ಲಿ ಗುರುವಿನ ಬಗ್ಗೆ ಹೇಳದೆ ಶಿಷ್ಯ ಅರ್ಥವಾಗುವುದಿಲ್ಲ. ಲಾ ಗಾರ್ಡಿಯಾ ಅವರ ತಂದೆ ಇಟಲಿಯ ಬ್ಯಾಂಡ್‌ಮಾಸ್ಟರ್, ತಾಯಿ ಟ್ರಿಯೆಸ್ಟ್‌ನ ಯಹೂದಿ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಅರಿಜೋನಾದ ಸೇನಾ ಠಾಣೆಯಲ್ಲಿ. ಇಪ್ಪತ್ತರ ಹರೆಯದಲ್ಲಿ ಫ್ಯೂಮೆ ಬಂದರಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಕೆಲಸ, ಬಳಿಕ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ದುಭಾಷಿ, ರಾತ್ರಿ ಕಾನೂನು ಓದು. ನ್ಯೂಯಾರ್ಕಿನಲ್ಲಿ ಆಗ ಡೆಮಾಕ್ರಟಿಕ್ ಪಕ್ಷವೆಂದರೆ ಟ್ಯಾಮನಿ ಹಾಲ್. ಟ್ಯಾಮನಿ ಹಾಲ್ ಎಂದರೆ ಗುತ್ತಿಗೆ, ನೇಮಕ, ಮತ ಎಲ್ಲವನ್ನೂ ಹಂಚುವ ಪುಢಾರಿಗಳ ಕೋಟೆ. ಅದನ್ನು ದ್ವೇಷಿಸುತ್ತಿದ್ದ ಒಂದೇ ಕಾರಣಕ್ಕೆ ಲಾ ಗಾರ್ಡಿಯಾ ರಿಪಬ್ಲಿಕನ್ ಆದರು. 1916ರಲ್ಲಿ ಆ ಪಕ್ಷದಿಂದ ಪ್ರತಿನಿಧಿ ಸಭೆಗೆ ಹೋದರು. 1918ರಲ್ಲಿ ಸಮಾಜವಾದಿ ಅಭ್ಯರ್ಥಿಯನ್ನು ಸೋಲಿಸಲು ಎರಡೂ ದೊಡ್ಡ ಪಕ್ಷಗಳು ಒಟ್ಟಾಗಿ ಇವರನ್ನೇ ನಿಲ್ಲಿಸಿದವು. ಆರು ವರ್ಷದ ಬಳಿಕ ಇದೇ ವ್ಯಕ್ತಿ ಸ್ವತಃ ಸಮಾಜವಾದಿ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದು ಬಂದರು! 1926ಕ್ಕೆ ಮತ್ತೆ ರಿಪಬ್ಲಿಕನ್. 1933ರಲ್ಲಿ ರಿಪಬ್ಲಿಕನ್ನರು ಮತ್ತು ಸುಧಾರಣಾವಾದಿಗಳ ಕೂಟದ ಮೇಯರ್. 1937ರಲ್ಲಿ ಮತಪತ್ರದ ಅಮೆರಿಕನ್ ಲೇಬರ್ ಪಾರ್ಟಿಯ ಸಾಲಿನಲ್ಲೂ ನಿಂತು, ಆ ಒಂದು ಸಾಲಿನಿಂದಲೇ 4.8 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಬರೀ ಪಟ್ಟಿ ನೋಡಿದರೆ ಇವರಷ್ಟು ದೊಡ್ಡ ಪಕ್ಷಾಂತರಿ ಸಿಗುವುದು ಕಷ್ಟ.

ಪಟ್ಟಿಯ ಹಿಂದಿನ ಘಟನೆಗಳನ್ನು ನೋಡಿದರೆ ಚಿತ್ರ ಬೇರೆ. 1922ರಲ್ಲಿ ಪೂರ್ವ ಹಾರ್ಲೆಮ್‌ನಲ್ಲಿ ಲಾ ಗಾರ್ಡಿಯಾ ಎದುರು ನಿಂತದ್ದು ಡೆಮಾಕ್ರಟಿಕ್ ಪಕ್ಷದ ಹೆನ್ರಿ ಫ್ರಾಂಕ್, ಯಹೂದಿ. ಮತದಾನ ಹತ್ತಿರ ಬಂದಾಗ, ಲಾ ಗಾರ್ಡಿಯಾ ಯಹೂದಿ ದ್ವೇಷಿ ಎಂಬ ಕರಪತ್ರ ಯಹೂದಿ ಮನೆಗಳಿಗೆ ತಲುಪಿತು. ನನ್ನ ತಾಯಿಯೂ ಯಹೂದಿ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಾತಿ ಹೇಳಿ ಮತ ಕೇಳುವುದು ಬೇಡವೆಂದು ಅವರು ಆ ದಾರಿ ಹಿಡಿಯಲಿಲ್ಲ. ಬದಲಿಗೆ ಯಿಡ್ಡಿಶ್ ಭಾಷೆಯಲ್ಲೇ ಒಂದು ಬಹಿರಂಗ ಪತ್ರ ಪ್ರಕಟಿಸಿ, ಆರಂಭದಿಂದ ಕೊನೆಯವರೆಗೆ ಯಿಡ್ಡಿಶ್‌ನಲ್ಲೇ ಚರ್ಚೆಗೆ ಬನ್ನಿ ಎಂದು ಫ್ರಾಂಕ್‌ಗೆ ಸವಾಲು ಹಾಕಿದರು. ಫ್ರಾಂಕ್ ಒಪ್ಪಲಿಲ್ಲ. ಲಾ ಗಾರ್ಡಿಯಾ ಕೂದಲೆಳೆಯ ಅಂತರದಲ್ಲಿ ಗೆದ್ದರು. ಅದಾಗಿ ಎರಡು ವರ್ಷಕ್ಕೆ, ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಕೂಲಿಜ್ ಅವರನ್ನು ಬಿಟ್ಟು, ರೈತ ಕಾರ್ಮಿಕರ ಪರವಿದ್ದ ರಾಬರ್ಟ್ ಲಾ ಫಾಲೆಟ್ ಅವರನ್ನು ಬೆಂಬಲಿಸಿದ್ದರಿಂದ ರಿಪಬ್ಲಿಕನ್ ನಾಯಕರು ಮುನಿದರು. ಲಾ ಗಾರ್ಡಿಯಾ ಕೂಡ ಆ ಪಕ್ಷದ ಟಿಕೆಟ್ಟಿಗಾಗಿ ಕಾಯಲಿಲ್ಲ. ಸಮಾಜವಾದಿ ಸಾಲಿನಲ್ಲಿ ಗೆದ್ದು ಬಂದ ಅವರಿಗೆ ಸದನದಲ್ಲಿ ಸಿಕ್ಕಿದ್ದು ಯಾರಿಗೂ ಬೇಡವಾದ ಮದ್ಯ ವಹಿವಾಟು ಸಮಿತಿಯ ಕುರ್ಚಿ. ಬದಲಾವಣೆ ಅವರಿಗೆ ಲಾಭ ತರಲಿಲ್ಲ, ದಂಡ ತಂದಿತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು: ಪ್ರತಿ ಸಲವೂ ಬದಲಾವಣೆ ಆದದ್ದು ಚುನಾವಣೆಗೆ ಮೊದಲು, ಮತದಾರರ ಕಣ್ಣೆದುರು. ಈ ಸಲ ನಾನು ಈ ಸಾಲಿನಲ್ಲಿದ್ದೇನೆ, ಬೇಕಿದ್ದರೆ ಆರಿಸಿ ಎಂಬ ಮಾತು ಮೊದಲು, ಆಯ್ಕೆ ಆಮೇಲೆ.

ಇದು ಸಾಧ್ಯವಾದದ್ದು ನ್ಯೂಯಾರ್ಕಿನ ಚುನಾವಣಾ ಪದ್ಧತಿಯಿಂದ. ಅಲ್ಲಿ ಒಬ್ಬ ಅಭ್ಯರ್ಥಿಯ ಹೆಸರು ಮತಪತ್ರದಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷಗಳ ಸಾಲಿನಲ್ಲಿ ಇರಬಹುದು; ಎಲ್ಲ ಸಾಲುಗಳ ಮತವೂ ಒಟ್ಟಿಗೆ ಎಣಿಕೆಯಾಗುತ್ತದೆ. 2025ರ ನವೆಂಬರ್‌ನಲ್ಲಿ ಮೇಯರ್ ಆಗಿ ಆಯ್ಕೆಯಾದ ಜೊಹ್ರಾನ್ ಮಮ್ದಾನಿ ಅವರ ಹೆಸರು ಡೆಮಾಕ್ರಟಿಕ್ ಸಾಲಿನಲ್ಲೂ ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿಯ ಸಾಲಿನಲ್ಲೂ ಇದ್ದದ್ದು ಈ ಪದ್ಧತಿಯಿಂದಲೇ. 1947ಕ್ಕೆ ಮುಂಚೆ ಇದು ಇನ್ನಷ್ಟು ತೆರೆದಿತ್ತು. ಒಂದು ಪಕ್ಷದ ಸದಸ್ಯನಲ್ಲದವನೂ ಆ ಪಕ್ಷದಲ್ಲಿ ನೋಂದಾಯಿಸಿಕೊಂಡ ಮತದಾರರ ಸಹಿ ಸಂಗ್ರಹಿಸಿ ಅದರ ಪ್ರೈಮರಿ ಚುನಾವಣೆಗೆ ಇಳಿಯಬಹುದಿತ್ತು. ಗೆದ್ದರೆ ಟಿಕೆಟ್ ಅವನದು. ಕೊಡುವವರು ನಾಯಕರಲ್ಲ, ಆ ಬಡಾವಣೆಯ ಸಾಮಾನ್ಯ ಸದಸ್ಯರು. ಕರ್ನಾಟಕದಲ್ಲಿ ಬಿ ಫಾರಂಗಾಗಿ ದೆಹಲಿಗೆ ಅಲೆಯುವವರನ್ನು ಪ್ರತಿ ಚುನಾವಣೆಯಲ್ಲೂ ನೋಡುವ ನಮಗೆ, ಬಿ ಫಾರಂ ಕೊಡುವ ಅಧಿಕಾರ ವಾರ್ಡಿನ ಕಾರ್ಯಕರ್ತರ ಮತಕ್ಕೇ ಬಿಟ್ಟಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿಕೊಂಡರೆ ಆ ವ್ಯವಸ್ಥೆಯ ಬೆಲೆ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲೂ 1913ರಿಂದ 1959ರವರೆಗೆ ಇಂಥದ್ದೇ ಅವಕಾಶ ಇತ್ತು. 1946ರಲ್ಲಿ ಅರ್ಲ್ ವಾರನ್ ಅಲ್ಲಿ ಎರಡೂ ಪಕ್ಷಗಳ ಪ್ರೈಮರಿ ಗೆದ್ದು ಮತ್ತೆ ಗವರ್ನರ್ ಆದರು. ಅವರನ್ನು ಯಾರೂ ಪಕ್ಷದ್ರೋಹಿ ಎನ್ನಲಿಲ್ಲ.

ಮಾರ್ಕಾಂಟೋನಿಯೊ ಈ ಬಾಗಿಲನ್ನು ಪೂರ್ತಿ ಬಳಸಿಕೊಂಡರು. 1934ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ರಿಪಬ್ಲಿಕನ್ನರು ಮತ್ತು ಸುಧಾರಣಾ ಕೂಟದ ಅಭ್ಯರ್ಥಿಯಾಗಿ ಕಡಿಮೆ ಅಂತರದಿಂದ ಗೆದ್ದು, 1936ರಲ್ಲಿ ಸೋತು, 1938ರಲ್ಲಿ ಲೇಬರ್ ಪಾರ್ಟಿಯಿಂದ ಮರಳಿ ಬಂದರು. ಆ ಪಕ್ಷ ಹುಟ್ಟಿದ್ದು 1936ರಲ್ಲಿ. ಟ್ಯಾಮನಿಗೆ ಮತ ಹಾಕಲು ಮನಸ್ಸಿಲ್ಲದ ಉಡುಪು ಕಾರ್ಮಿಕರು ರೂಸ್‌ವೆಲ್ಟ್‌ಗೂ ಲಾ ಗಾರ್ಡಿಯಾಗೂ ಮತ ಹಾಕಲು ಒಂದು ಬೇರೆ ಸಾಲು ಸಿಗಲೆಂದು ಸಂಘಗಳ ನಾಯಕರು ಅದನ್ನು ಕಟ್ಟಿದ್ದರು. 1938ರ ಗೆಲುವಿನ ನಂತರದ ಹನ್ನೆರಡು ವರ್ಷ ಮಾರ್ಕಾಂಟೋನಿಯೊ ಅವರ ಕಚೇರಿಯೇ ಅವರ ಪಕ್ಷ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವವರು, ಪರಿಹಾರದ ಹಣ ನಿಂತುಹೋದವರು, ವಲಸೆ ಕಾಗದ ಸಿಗದವರು ಸಾಲುಗಟ್ಟಿ ಬರುತ್ತಿದ್ದರು. ಯಾವ ಪಕ್ಷಕ್ಕೆ ಮತ ಹಾಕಿದಿರಿ ಎಂಬ ಪ್ರಶ್ನೆ ಅಲ್ಲಿರಲಿಲ್ಲ. ಪೋರ್ಟೊ ರಿಕೊದ ಜನರಿಗಾಗಿ ಸ್ಪ್ಯಾನಿಷ್ ಕಲಿತರು. ಆ ದ್ವೀಪಕ್ಕೆ ಸ್ವಾತಂತ್ರ್ಯ ಕೊಡಬೇಕೆಂಬ ಮಸೂದೆಯನ್ನು 1936ರಲ್ಲೇ ಮಂಡಿಸಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನೂ ಬಡ ಬಿಳಿಯರನ್ನೂ ಮತಗಟ್ಟೆಯಿಂದ ದೂರವಿಟ್ಟಿದ್ದ ತಲೆಗಂದಾಯವನ್ನು ರದ್ದು ಮಾಡಬೇಕೆಂದು ಅವರು ಹೋರಾಡಿ ಮಸೂದೆಯನ್ನು ಪ್ರತಿನಿಧಿ ಸಭೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಗೆಲ್ಲಿಸಿದರು. ಸೆನೆಟ್ ಪ್ರತಿ ಸಲವೂ ಅದನ್ನು ಕೊಂದಿತು. ಚುನಾವಣೆಯ ಮುನ್ನಾದಿನ ಲೆಕ್ಸಿಂಗ್ಟನ್ ಅವೆನ್ಯೂ ಮತ್ತು 116ನೇ ಬೀದಿ ಕೂಡುವ ಮೂಲೆಯಲ್ಲಿ ಸಭೆ. ಗುರು ಲಾ ಗಾರ್ಡಿಯಾ ಕಾಲದಿಂದಲೂ ಅದು ಅದೃಷ್ಟದ ಮೂಲೆ ಎಂದೇ ಪ್ರಸಿದ್ಧ.

ಈಗ ಆಕ್ಷೇಪಗಳಿಗೆ ಬರೋಣ, ಅವು ಹಗುರವಾದವಲ್ಲ. ಮೊದಲನೆಯದು, ಮಾರ್ಕಾಂಟೋನಿಯೊ ಅವರ ನಿಷ್ಠೆ ಬೀದಿಗೆ ಇರಲಿಲ್ಲ, ಕಮ್ಯುನಿಸ್ಟರಿಗೆ ಇತ್ತು ಎಂಬುದು. ವಿದೇಶ ನೀತಿಯ ಮಟ್ಟಿಗೆ ಈ ಟೀಕೆಯಲ್ಲಿ ಹುರುಳಿದೆ. ಯುರೋಪಿನ ಯುದ್ಧಕ್ಕೆ ಅಮೆರಿಕ ಇಳಿಯಬಾರದೆಂದು ಕೂಗುತ್ತಿದ್ದವರು, 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ಮೇಲೆ ಯುದ್ಧದ ಪರ ವಾದಿಸತೊಡಗಿದರು. ಪಕ್ಷ ಬದಲಿಸಿದ್ದಕ್ಕಿಂತ ಈ ಬದಲಾವಣೆಯೇ ಅವರ ನಿಜವಾದ ದೌರ್ಬಲ್ಯ ಎಂದು ನನಗನ್ನಿಸುತ್ತದೆ. ಆದರೆ ಇದೇ ಆಕ್ಷೇಪದ ಒಳಗೆ ನನ್ನ ವಾದಕ್ಕೆ ಬೆಂಬಲವೂ ಇದೆ. ಹಾಗೆ ಮಾತು ಬದಲಿಸುವಾಗ ಅವರು ಯಾವ ಪಕ್ಷವನ್ನೂ ಬಿಡಲಿಲ್ಲ. ಅಂದರೆ ಒಬ್ಬರು ಪಕ್ಷದಲ್ಲೇ ಇದ್ದುಕೊಂಡು ನಿಲುವು ಬದಲಿಸಬಹುದು. ಪಕ್ಷ ಬದಲಿಸಿಯೂ ನಿಲುವು ಉಳಿಸಿಕೊಳ್ಳಬಹುದು. ಪಿಂಚಣಿ, ಬಾಡಿಗೆ, ತಲೆಗಂದಾಯ, ಪೋರ್ಟೊ ರಿಕೊ ವಿಷಯಗಳಲ್ಲಿ ಅವರು ಹೈಸ್ಕೂಲಿನಲ್ಲಿ ಹಿಡಿದ ದಾರಿಯನ್ನು ಬಿಡಲಿಲ್ಲ. ಪಕ್ಷದ ಹೆಸರು ನೋಡಿ ನಿಷ್ಠೆ ಅಳೆಯುವ ಕಾಯ್ದೆಗೆ ಈ ಎರಡರ ನಡುವಿನ ವ್ಯತ್ಯಾಸ ಕಾಣುವುದೇ ಇಲ್ಲ.

ಎರಡನೆಯ ಆಕ್ಷೇಪ ರಕ್ತದ ಕಲೆಯದು. 1946ರ ನವೆಂಬರ್‌ನ ಮತದಾನದ ದಿನ ಜೋಸೆಫ್ ಸ್ಕಾಟೊರಿಗ್ಗಿಯೊ ಎಂಬ ರಿಪಬ್ಲಿಕನ್ ಕಾರ್ಯಕರ್ತನನ್ನು ಬೀದಿಯಲ್ಲಿ ಹಿಡಿದು ಹೊಡೆದರು. ಆರು ದಿನದ ಮೇಲೆ ಆತ ಸತ್ತ. ಆತ ಮಾರ್ಕಾಂಟೋನಿಯೊ ವಿರುದ್ಧ ಕೆಲಸ ಮಾಡುತ್ತಿದ್ದವನು. ಪೂರ್ವ ಹಾರ್ಲೆಮ್‌ನ ಭೂಗತ ಗುಂಪುಗಳೊಂದಿಗೆ ಮಾರ್ಕಾಂಟೋನಿಯೊಗೆ ನಂಟಿದೆ ಎಂಬ ಮಾತು ಮೊದಲೇ ಇತ್ತು. ತನಿಖೆ ನಡೆಯಿತು, ವಿಚಾರಣೆ ನಡೆಯಿತು. ಅವರ ಮೇಲೆ ಆರೋಪ ಹೊರಿಸಲಾಗಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಒಬ್ಬ ಕಾರ್ಯಕರ್ತನ ಸಾವನ್ನು ಲಘುವಾಗಿ ಕಾಣಲು ಸಾಧ್ಯವಿಲ್ಲ. ಅಂಥ ಕೊಲೆಗೆ ಮದ್ದು ಪೊಲೀಸರು, ನ್ಯಾಯಾಲಯ, ಮತಗಟ್ಟೆಯ ರಕ್ಷಣೆ. ಶಾಸನಸಭೆ ಮಾಡಿದ್ದು ಬೇರೆ. ಆ ಸಾವಿನಿಂದ ಎದ್ದ ಆಕ್ರೋಶದ ಬಿಸಿ ಆರುವ ಮುನ್ನ, ಟಿಕೆಟ್ ಯಾರು ಕೊಡಬೇಕೆಂಬ ಬೇರೆಯದೇ ನಿಯಮವನ್ನು ತಿದ್ದಿತು. ಎರಡಕ್ಕೂ ಇರುವ ಸಂಬಂಧ ಒಬ್ಬ ಮನುಷ್ಯನ ಹೆಸರು ಮಾತ್ರ.

ಮೂರನೆಯದು ಸಿದ್ಧಾಂತದ ಆಕ್ಷೇಪ, ಮೂರರಲ್ಲೂ ಬಲವಾದದ್ದು. ಪಕ್ಷ ಎಂದರೆ ಒಂದು ಸಂಘ. ಅದರ ಹೆಸರನ್ನು ಯಾರು ಬಳಸಬೇಕೆಂದು ತೀರ್ಮಾನಿಸುವ ಹಕ್ಕು ಅದಕ್ಕಿರಬೇಕು. ಇಲ್ಲದಿದ್ದರೆ ಹೊರಗಿನವನು ತನ್ನವರನ್ನು ಒಳಗೆ ತುಂಬಿ ಪಕ್ಷವನ್ನೇ ಕಬಳಿಸುತ್ತಾನೆ. ಒಪ್ಪತಕ್ಕ ಮಾತು. ಆದರೆ ಪಕ್ಷ ಅಂದರೆ ಯಾರು? 1947ರ ಕಾಯ್ದೆಯ ಉತ್ತರ: ಪಕ್ಷದ ಸಮಿತಿ. ಸದಸ್ಯನಲ್ಲದವನು ಪಕ್ಷದ ಅಭ್ಯರ್ಥಿಯಾಗಬೇಕಾದರೆ ಆ ಕ್ಷೇತ್ರದ ಮಟ್ಟದ ಪಕ್ಷದ ಸಮಿತಿ ಲಿಖಿತ ಅನುಮತಿ ಕೊಡಬೇಕು. ಅದಕ್ಕೆ ಮುಂಚಿನ ಉತ್ತರ: ಪಕ್ಷದ ನೋಂದಾಯಿತ ಮತದಾರರು. ಈ ಹಳೆಯ ಉತ್ತರಕ್ಕೆ ತನ್ನದೇ ಕಡಿವಾಣ ಇತ್ತು ಎಂಬುದಕ್ಕೆ ಸಾಕ್ಷಿ ಕಾಯ್ದೆ ಬರುವ ಹಿಂದಿನ ವರ್ಷವೇ ಸಿಕ್ಕಿತ್ತು. 1946ರಲ್ಲಿ ರಿಪಬ್ಲಿಕನ್ ಪ್ರೈಮರಿಯಲ್ಲಿ ಮಾರ್ಕಾಂಟೋನಿಯೊ ಸೋತರು. ಫ್ರೆಡರಿಕ್ ಬ್ರಯನ್ ಎಂಬ ವಕೀಲರು ಅವರನ್ನು ಸೋಲಿಸಿದರು. ರಿಪಬ್ಲಿಕನ್ ಮತದಾರರಿಗೆ ಸಾಕೆನ್ನಿಸಿತು, ಸಾಕು ಎಂದರು. ಹೊರಗಿನವನನ್ನು ಹೊರಗಿಡಲು ಸದಸ್ಯರ ಮತಕ್ಕೆ ಶಕ್ತಿಯಿತ್ತು. ನಾಯಕರಿಗೆ ಬೇಕಾಗಿದ್ದು ಆ ಶಕ್ತಿಯಲ್ಲ. ಸದಸ್ಯರು ಬೇಕು ಎಂದವರನ್ನೂ ಬೇಡ ಎನ್ನುವ ಶಕ್ತಿ. ಅದೇ 1947ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರಸಭೆಗೆ 1937ರಿಂದ ನಡೆಯುತ್ತಿದ್ದ ಪ್ರಮಾಣಾನುಗುಣ ಪ್ರಾತಿನಿಧ್ಯದ ಚುನಾವಣೆಯನ್ನೂ ರದ್ದುಮಾಡಲಾಯಿತು. ಟ್ಯಾಮನಿಯ ಹೊರಗಿನವರಿಗೆ ನಗರದಲ್ಲಿ ತೆರೆದಿದ್ದ ಎರಡು ಬಾಗಿಲುಗಳು ಒಂದೇ ವರ್ಷ ಮುಚ್ಚಿದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಲಾ ಗಾರ್ಡಿಯಾ ತೀರಿಕೊಂಡಿದ್ದರು.

ಮುಂದಿನ ಎರಡು ಚುನಾವಣೆಗಳು ಕಾಯ್ದೆಯ ಉದ್ದೇಶವನ್ನು ಬಿಚ್ಚಿಟ್ಟವು. 1948ರಲ್ಲಿ ಮಾರ್ಕಾಂಟೋನಿಯೊಗೆ ಲೇಬರ್ ಪಾರ್ಟಿಯ ಸಾಲು ಮಾತ್ರ ಉಳಿದಿತ್ತು. ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಅಭ್ಯರ್ಥಿಗಳು ಬೇರೆ ಬೇರೆಯಾಗಿ ನಿಂತರು. ಮತ ಹಂಚಿಹೋಗಿ ಮಾರ್ಕಾಂಟೋನಿಯೊ ಶೇ 40ಕ್ಕಿಂತ ಕಡಿಮೆ ಮತ ಪಡೆದೂ ಗೆದ್ದರು. 1949ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಸೋತರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧಕ್ಕೆ ಅಮೆರಿಕ ಇಳಿದಾಗ ಪ್ರತಿನಿಧಿ ಸಭೆಯಲ್ಲಿ ವಿರೋಧಿಸಿ ಮಾತಾಡಿದವರು ಅವರೊಬ್ಬರೇ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ನಿಕ್ಸನ್, ತನ್ನ ಎದುರಾಳಿ ಹೆಲೆನ್ ಡಗ್ಲಾಸ್ ಅವರನ್ನು ಮಣಿಸಲು, ಆಕೆ ಎಷ್ಟು ಸಲ ಮಾರ್ಕಾಂಟೋನಿಯೊ ಜೊತೆ ಮತ ಹಾಕಿದ್ದರೆಂಬ ಲೆಕ್ಕವನ್ನು ಗುಲಾಬಿ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚಿದರು. ಮೂರು ಸಾವಿರ ಮೈಲಿ ಆಚೆಗೂ ಆ ಹೆಸರು ಬೈಗುಳವಾಗಿತ್ತು. ಪೂರ್ವ ಹಾರ್ಲೆಮ್‌ನಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್, ಲಿಬರಲ್ ಪಕ್ಷಗಳ ನಾಯಕರು ಒಟ್ಟುಗೂಡಿ ಜೇಮ್ಸ್ ಡೋನೊವನ್ ಎಂಬ ಒಬ್ಬರನ್ನೇ ಮೂರೂ ಪಕ್ಷಗಳ ಅಭ್ಯರ್ಥಿಯಾಗಿ ಇಳಿಸಿದರು. ಮಾರ್ಕಾಂಟೋನಿಯೊ ಸೋತರು. ಈ ಸಂಗತಿಯನ್ನು ನಿಧಾನವಾಗಿ ನೋಡಬೇಕು. ಒಬ್ಬ ಅಭ್ಯರ್ಥಿ ಮೂರು ಪಕ್ಷಗಳ ಟಿಕೆಟ್ ಹಿಡಿಯುವುದು ತತ್ವಕ್ಕೆ ವಿರುದ್ಧ, ಮತದಾರರಿಗೆ ಗೊಂದಲ ಎಂಬ ವಾದದ ಮೇಲೆ ಬಂದ ಕಾಯ್ದೆ ಇದು. ಮೂರೇ ವರ್ಷದಲ್ಲಿ, ಆ ಕಾಯ್ದೆಯ ಅಡಿಯಲ್ಲೇ, ಒಬ್ಬ ಅಭ್ಯರ್ಥಿಗೆ ಮೂರು ಪಕ್ಷಗಳ ಟಿಕೆಟ್ ಕೊಡಲಾಯಿತು. 1942ರಲ್ಲಿ ಅದನ್ನು ಕೊಟ್ಟವರು ಮತದಾರರು, 1950ರಲ್ಲಿ ನಾಯಕರು. ಬದಲಾದದ್ದು ಅಷ್ಟೇ.

ಇಷ್ಟು ಹೇಳಿದ ಮೇಲೆ ಕರ್ನಾಟಕದ ಓದುಗರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮತದಾರರ ಒಪ್ಪಿಗೆಯೇ ಅಳತೆಗೋಲಾದರೆ, 2019ರಲ್ಲಿ ಅನರ್ಹಗೊಂಡ ನಮ್ಮ ಹದಿನೇಳು ಶಾಸಕರ ವಿಷಯವೇನು? ಆ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ ಹನ್ನೆರಡರಲ್ಲಿ ಗೆದ್ದಿತು. ಮತದಾರರು ಒಪ್ಪಿದರಲ್ಲ? ಒಪ್ಪಿದರು ನಿಜ, ಆದರೆ ಕೇಳಿದ್ದು ಯಾವಾಗ ಎಂಬುದು ಮುಖ್ಯ. ಒಂದು ಪಕ್ಷದ ಹೆಸರಿನಲ್ಲಿ ಗೆದ್ದು, ಆ ಬಲದಿಂದ ಬಂದ ಸರ್ಕಾರವನ್ನು ಉರುಳಿಸಿ, ಇನ್ನೊಂದು ಸರ್ಕಾರ ಏರಿದ ಮೇಲೆ ಮತದಾರರ ಬಳಿಗೆ ಹೋದದ್ದು. ಗೆದ್ದು ಬಂದವರಲ್ಲಿ ಹತ್ತು ಮಂದಿ ಮುಂದಿನ ಫೆಬ್ರವರಿಯಲ್ಲಿ ಸಚಿವರಾದರು. ಲಾ ಗಾರ್ಡಿಯಾ ಅವರಿಗೆ ಬದಲಾವಣೆ ತಂದದ್ದು ಬೇಡದ ಸಮಿತಿಯ ಕುರ್ಚಿ. ಮೊದಲು ಕೇಳುವುದಕ್ಕೂ ಆಮೇಲೆ ಕೇಳುವುದಕ್ಕೂ, ತೆರುವುದಕ್ಕೂ ಪಡೆಯುವುದಕ್ಕೂ ಇರುವ ಅಂತರವೇ ನನ್ನ ಅಳತೆ. 1985ರ ಸಂವಿಧಾನ ತಿದ್ದುಪಡಿ, ಪಾಲಿಕೆ ಪಂಚಾಯಿತಿಗಳಿಗೆ ಅನ್ವಯಿಸುವ ನಮ್ಮ ರಾಜ್ಯದ 1987ರ ಪಕ್ಷಾಂತರ ನಿಷೇಧ ಕಾಯ್ದೆ, ಇವೆರಡೂ ಗೆದ್ದ ಮೇಲಿನ ಜಿಗಿತವನ್ನು ತಡೆಯಲು ಬಂದವು. ಆ ಮಟ್ಟಿಗೆ ಅವುಗಳ ಗುರಿ ಸರಿ. ಆದರೆ ಅವೂ ಕೀಲಿಕೈಯನ್ನು ಕೊಟ್ಟದ್ದು ಪಕ್ಷದ ವಿಪ್‌ಗೆ. ಕ್ಷೇತ್ರದ ಹಿತಕ್ಕಾಗಿ ಸದನದಲ್ಲಿ ಪಕ್ಷದ ವಿರುದ್ಧ ಮತ ಹಾಕುವವನನ್ನೂ ಮಂತ್ರಿಗಿರಿಗಾಗಿ ಪಕ್ಷ ಬಿಡುವವನನ್ನೂ ಅವು ಒಂದೇ ಕಣ್ಣಿನಿಂದ ನೋಡುತ್ತವೆ.

ಅನುಮತಿ ಕೊಡುವ ಅಧಿಕಾರ ಕೆಲವೇ ಕೈಗಳಲ್ಲಿ ಸೇರಿದರೆ ಅದು ಮಾರಾಟದ ವಸ್ತುವಾಗುತ್ತದೆ. ಇದನ್ನು ನ್ಯೂಯಾರ್ಕ್ ಕಣ್ಣಾರೆ ಕಂಡದ್ದು 2013ರ ಏಪ್ರಿಲ್‌ನಲ್ಲಿ. ಡೆಮಾಕ್ರಟಿಕ್ ಪಕ್ಷದ ರಾಜ್ಯ ಸೆನೆಟರ್ ಮಾಲ್ಕಮ್ ಸ್ಮಿತ್, ರಿಪಬ್ಲಿಕನ್ ಟಿಕೆಟ್ಟಿನಲ್ಲಿ ಮೇಯರ್ ಚುನಾವಣೆಗೆ ನಿಲ್ಲಲು ಬಯಸಿದರು. ಅದಕ್ಕೆ ವಿಲ್ಸನ್–ಪಕುಲಾ ಅನುಮತಿ ಬೇಕು. ಅನುಮತಿಗೆ ನಗರದ ಐದು ಕೌಂಟಿಗಳ ರಿಪಬ್ಲಿಕನ್ ಅಧ್ಯಕ್ಷರಲ್ಲಿ ಮೂವರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಲಂಚ ಕೊಟ್ಟು ಕೊಳ್ಳಲು ಸಂಚು ಹೂಡಿದ ಆರೋಪದಲ್ಲಿ ಅವರು ಬಂಧನಕ್ಕೊಳಗಾದರು. 2015ರಲ್ಲಿ ಅಪರಾಧಿ ಎಂದು ತೀರ್ಪಾಗಿ ಜೈಲು ಸೇರಿದರು. ಸ್ಮಿತ್ ಅವರಿಗೂ ಮಾರ್ಕಾಂಟೋನಿಯೊಗೂ ಬೇಕಾಗಿದ್ದು ಒಂದೇ, ಇನ್ನೊಂದು ಪಕ್ಷದ ಸಾಲು. ಮಾರ್ಕಾಂಟೋನಿಯೊ ಅದನ್ನು ಪಡೆಯಬೇಕಿದ್ದರೆ ಸಾವಿರಾರು ಮನೆಗಳ ಮೆಟ್ಟಿಲು ಹತ್ತಿ ಸಹಿ ಮತ್ತು ಮತ ಕೇಳಬೇಕಿತ್ತು. ಸಾವಿರಾರು ಮತದಾರರನ್ನು ಗುಟ್ಟಾಗಿ ಕೊಳ್ಳಲಾಗದು. ಮೂವರು ಅಧ್ಯಕ್ಷರಿಗೆ ಹಣ ತೋರಿಸಬಹುದು. ಅವಕಾಶವಾದಿಗಳನ್ನು ತಡೆಯಲು ಬಂದ ಕಾಯ್ದೆ ಅವಕಾಶವಾದಿಯ ಕೆಲಸವನ್ನು ಸುಲಭ ಮಾಡಿಕೊಟ್ಟಿತ್ತು.

ಸ್ಮಿತ್ ಬಂಧನದ ಬೆನ್ನಲ್ಲೇ ಆಗಿನ ಗವರ್ನರ್ ಆಂಡ್ರ್ಯೂ ಕ್ಯುಮೊ ಕಾಯ್ದೆಯನ್ನೇ ರದ್ದು ಮಾಡಬೇಕೆಂದರು. ಅದು ಆಗಲಿಲ್ಲ. ವಿರೋಧ ಬಂದದ್ದು ದೊಡ್ಡ ಪಕ್ಷಗಳಿಂದ ಮಾತ್ರವಲ್ಲ. ಸಣ್ಣ ಪಕ್ಷಗಳಿಗೂ ಈ ಅನುಮತಿ ಪತ್ರವೇ ದೊಡ್ಡವರೊಡನೆ ಚೌಕಾಸಿ ಮಾಡಲು ಇರುವ ಬಂಡವಾಳ. ಕಾಯ್ದೆ ಇಲ್ಲದಿದ್ದರೆ ದೊಡ್ಡ ಪಕ್ಷದವರು ಸಣ್ಣ ಪಕ್ಷದ ಕೆಲವೇ ಸಾವಿರ ಸದಸ್ಯರ ಪ್ರೈಮರಿಗೆ ನುಗ್ಗಿ ಅದರ ಸಾಲನ್ನು ಕಸಿಯುತ್ತಾರೆ ಎಂಬ ಅವರ ಭಯ ಸುಳ್ಳಲ್ಲ. ಅದಕ್ಕೆ ದಾರಿಗಳಿವೆ. ಅನುಮತಿಯ ಪ್ರಶ್ನೆಯನ್ನು ಆ ಪಕ್ಷದ ನೋಂದಾಯಿತ ಸದಸ್ಯರ ಮತಕ್ಕೇ ಹಾಕಬಹುದು. ಚುನಾವಣೆಯ ಹೊಸ್ತಿಲಲ್ಲಿ ಗುಂಪಾಗಿ ಸದಸ್ಯರಾದವರನ್ನು ಆ ಮತದಾನದಿಂದ ದೂರ ಇಡಬಹುದು. ಸಮಿತಿಗಳ ಹಿಡಿತ ತಪ್ಪುತ್ತದೆ, ಪಕ್ಷದ ರಕ್ಷಣೆ ಉಳಿಯುತ್ತದೆ. ಈ ಕಾಯ್ದೆಗೆ ಕಾರಣರಾದ ಮಾರ್ಕಾಂಟೋನಿಯೊ 1953ರಲ್ಲಿ ಲೇಬರ್ ಪಾರ್ಟಿಯನ್ನೂ ಬಿಟ್ಟು, ಗುಡ್ ನೇಬರ್ ಪಾರ್ಟಿ ಎಂಬ ಹೊಸ ಹೆಸರಿನಲ್ಲಿ ಮತ್ತೆ ನಿಲ್ಲಲು ಹೊರಟಿದ್ದರು. 1954ರ ಆಗಸ್ಟ್‌ನಲ್ಲಿ ಸಿಟಿ ಹಾಲ್ ಬಳಿ ಹೃದಯಾಘಾತದಿಂದ ಸತ್ತರು. ಚರ್ಚು ಅವರಿಗೆ ಕ್ಯಾಥೊಲಿಕ್ ಅಂತ್ಯಕ್ರಿಯೆಯನ್ನು ನಿರಾಕರಿಸಿತು. ಸಾವಿರಾರು ಜನ ಬಂದು ಕಳಿಸಿಕೊಟ್ಟರು, ಮತ್ತು ಅವರಲ್ಲಿ ಬಹುಪಾಲು ಮಂದಿ ಅವರಿಗೆ ಒಂದಲ್ಲ ಒಂದು ಸಲ, ಒಂದಲ್ಲ ಒಂದು ಪಕ್ಷದ ಸಾಲಿನಲ್ಲಿ, ಮತ ಹಾಕಿದವರೇ ಇದ್ದಿರಬೇಕು. ಅವರನ್ನು ತಡೆಯಲು ಬರೆದ ನಿಯಮ ರಾಜ್ಯದ ಚುನಾವಣಾ ಕಾನೂನಿನಲ್ಲಿ ಇನ್ನೂ ಇದೆ. ಅದನ್ನು ತೆಗೆಯಬೇಕಾದವರು ಶಾಸನಸಭೆಯ ಸದಸ್ಯರು, ಅವರಿಗೆ ಇನ್ನೊಂದು ಪಕ್ಷದ ಸಾಲು ಕೊಡುವವರು ಅದೇ ಸಮಿತಿಗಳು.